ಆರನೇ ಪುಟದ ಮಾತು

"ನಮ್ಮಕ್ಕ ಆರಾಮ ಆಗ್ತಾಳೇನ್ರಿ ಡಾಕ್ಟರ?"

ಬಾಗಿಲಿಗೆ ಕೈ ಅಡ್ಡ ಇಟ್ಟು ಅಮಿತ ಕೇಳಿದ. ಡಾಕ್ಟರ್ ಹರಿಣಿ ಅವನ ಮುಖ ನೋಡಿದಳು. ಒಂದು ಕ್ಷಣ ಜಾಸ್ತಿಯೇ ನೋಡಿದಳು... ಆಮೇಲೆ, ಅದನ್ನು ಶಿವಪುತ್ರ ಡಾಕ್ಟರ ಹತ್ತಿರ ಕೇಳಿ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು.

"ಮಾತಾಡಿದ್ರ ಮುತ್ತು ಉದುರ್ತಾವೇನೋ," ಹೊರಗಿನಿಂದ ಕೇಳಿಸಿತು.

ಒಳಗೆ ಮಂಚದ ಮೇಲೆ ಕೂತಿದ್ದ ಅವನ ಅಕ್ಕ, ಮಹಾದೇವಿ, ನಕ್ಕಳು. ಅವಳಿಗೆ ಇಲ್ಲಿಯ ನಿಯಮ ಗೊತ್ತಿತ್ತು. ತಮ್ಮನಿಗೂ ಗೊತ್ತಿದೆ, ತಮಾಷೆಗೆ ಹೇಳುತ್ತಿದ್ದಾನೆ ಎಂದುಕೊಂಡಳು. ಹರಿಣಿ ಮಾತ್ರ ನಗುವಂತಿರಲಿಲ್ಲ.

ಮಹಾದೇವಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದು, ಕಾಲು ಹೇಳಿದ ಮಾತು ಕೇಳದಂತಾಗುವ ಕಾಯಿಲೆ. ಹರಿಣಿ ಹನ್ನೆರಡು ವರ್ಷದಿಂದ ಇದೊಂದರ ಬೆನ್ನು ಬಿದ್ದವಳು. ವಡಾಲದ ಮನೆಯಲ್ಲಿ ಅಮ್ಮ ಶೀಲಾವತಿ ಮಗಳ ಮದುವೆಯ ಮಾತೆತ್ತುವುದನ್ನೇ ಬಿಟ್ಟಿದ್ದರು.

ಈಗಿನ ಅಧ್ಯಯನದಲ್ಲಿ ಅರ್ಧ ರೋಗಿಗಳಿಗೆ ಹೊಸ ಔಷಧಿ, ಇನ್ನರ್ಧಕ್ಕೆ ಹಳೆಯದು. ಕೊಡುವವರು ಶಿವಪುತ್ರ ಡಾಕ್ಟರು. ನಡಿಗೆ, ಕೈಬಲ, ಕಣ್ಣು ನೋಡಿ ಅಂಕ ಬರೆಯುವವಳು ಹರಿಣಿ. ಯಾರಿಗೆ ಯಾವ ಔಷಧಿ ಎಂದು ಅವಳಿಗೆ ಗೊತ್ತಾಗಕೂಡದು. ಗೊತ್ತಾದರೆ ಅಂಕ ಬರೆಯುವಾಗ ಮನಸ್ಸು ಒಂದು ಕಡೆ ವಾಲಿಬಿಡುತ್ತದೆ. ಹಾಗಾಗಿ ರೋಗಿಯ ಜೊತೆ, ಮನೆಯವರ ಜೊತೆ ಬೇರೆ ಮಾತೇ ಇಲ್ಲ.

ಮೂರು ತಿಂಗಳಿಗೊಮ್ಮೆ ಅಕ್ಕ ತಮ್ಮ ಬರುತ್ತಿದ್ದರು. ಸರದಿ ಬರುವ ತನಕ ಅಮಿತ, ಅಜ್ಜಿ ಗಂಗುಬಾಯಿಯ ಬಾಯಿಂದ ಕಲಿತ ವಚನಗಳನ್ನು ಅಕ್ಕನಿಗೆ ಮೆಲುದನಿಯಲ್ಲಿ ಹೇಳುತ್ತಿದ್ದ. ಬಾಗಿಲ ಈಚೆ ಹರಿಣಿ ಕಾಗದ ಜೋಡಿಸುವ ನೆಪದಲ್ಲಿ ನಿಂತು ಕೇಳುತ್ತಿದ್ದಳು.

ಪ್ರೀತಿ ಹೀಗೂ ಬರುತ್ತದೆಯೇ... ಕಿವಿಯಿಂದ?

ಒಂದು ಸಂಜೆ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ಅಮಿತ ಎದುರಾದ. ನಕ್ಕು ಕೈಮುಗಿದ. ಅವಳು ತಲೆ ತಗ್ಗಿಸಿ ಮೆಟ್ಟಿಲಿಳಿದು ಲೇಡೀಸ್ ಡಬ್ಬಿ ಹತ್ತಿಬಿಟ್ಟಳು.

ಅಂದಿನಿಂದ ಅವನು ಮೇಲೆ ಬರುವುದನ್ನು ಬಿಟ್ಟ. ಅಕ್ಕನನ್ನು ಲಿಫ್ಟಿಗೆ ಹತ್ತಿಸಿ ಕೆಳಗೇ ಕಾಯುತ್ತಿದ್ದ. ಬಾಗಿಲಾಚೆ ಈಗ ಫ್ಯಾನಿನ ಸದ್ದಷ್ಟೇ.

ಎರಡು ವರ್ಷ ತುಂಬಿತು. ಕೊನೆಯ ಪರೀಕ್ಷೆಯ ದಿನ ಮಹಾದೇವಿ ಗೋಡೆ ನೋಡುತ್ತ, ತನಗೆ ತಾನೇ ಹೇಳಿಕೊಂಡಂತೆ, ಬರುವ ಭಾನುವಾರ ತಮ್ಮನಿಗೆ ಹೆಣ್ಣು ನೋಡಲು ಬೆಳಗಾವಿಗೆ ಹೊರಟಿದ್ದೇವೆ ಎಂದಳು.

ಹರಿಣಿಯ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು.

"ಈ ಗೆರೆಯಿಂದ ಆ ಗೆರೆಗೆ ನಡೆಯಿರಿ," ಎಂದಳು. ಎಂಟು ಸೆಕೆಂಡ್. ಬರೆದಳು.

ಮಹಾದೇವಿಯೇ ಕೊನೆಯ ರೋಗಿ. ಅಧ್ಯಯನದ ಕಡತ ಶನಿವಾರ ಮಧ್ಯಾಹ್ನ ಮುಚ್ಚುವುದಿತ್ತು. ಅಲ್ಲಿಯ ತನಕ ಬಾಯಿ ಬಿಡುವಂತಿಲ್ಲ. ಭಾನುವಾರ ಬಾಯಿ ಬಿಟ್ಟರೆ ಫಲವಿಲ್ಲ. ನಾಲ್ಕು ದಿನ ಅವಳು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತು ಎದ್ದಳು.

ಶನಿವಾರ ಒಂದು ಗಂಟೆಗೆ ಕಡತ ಮುಚ್ಚಿತು. ಎರಡಕ್ಕೆ ಹರಿಣಿ, ಅಮಿತ ಕೆಲಸ ಮಾಡುವ ದಾದರಿನ ವಿಮಾ ಕಚೇರಿಯಲ್ಲಿದ್ದಳು.

ಅವನು ಒಬ್ಬ ಮುದುಕರಿಗೆ, ಓದದೆ ಎಲ್ಲೂ ಸಹಿ ಹಾಕಬ್ಯಾಡ್ರಿ ಎಂದು ತಿಳಿಹೇಳುತ್ತಿದ್ದ. ಇವಳನ್ನು ಕಂಡು ಪೆನ್ನು ಕೆಳಗಿಟ್ಟ.

"ನಿಮ್ಮಕ್ಕನ ಒಪ್ಪಿಗೆ ಪತ್ರ ಇದು. ಸಾಕ್ಷಿ ಸಹಿ ನಿಮ್ಮದು, ವಿಳಾಸ ಈ ಕಚೇರಿಯದು," ಎಂದು ಕಾಗದ ಮುಂದಿಟ್ಟಳು. "ಆರನೇ ಪುಟ ಓದಿ. ಜೋರಾಗಿ."

ಅವನು ಓದಿದ. ವಚನ ಹೇಳುವ ಅದೇ ದನಿ.

"ಅಧ್ಯಯನ ಮುಗಿಯುವವರೆಗೆ ಪರೀಕ್ಷಕರು ರೋಗಿಯೊಂದಿಗಾಗಲಿ ಮನೆಯವರೊಂದಿಗಾಗಲಿ ಪರೀಕ್ಷೆಗೆ ಬೇಕಿಲ್ಲದ ಮಾತು ಆಡುವಂತಿಲ್ಲ..."

ಕೆಳಗೆ ಅವನದೇ ಸಹಿ.

"ಹಂಗಾರ ನೀನೂ ಓದಿರಲಿಲ್ಲೇನಪಾ?" ಮುದುಕರು ಕೇಳಿದರು.

ಅಮಿತನ ಕಿವಿ ಕೆಂಪಾದವು. ಅವರನ್ನು ಬಿಟ್ಟು ಇವಳ ಕಡೆ ತಿರುಗಿದ.

"ಅಧ್ಯಯನ ಮುಗೀತೇನ್ರಿ?"

"ಒಂದು ಗಂಟೆಗೆ."

"ಮಾತಾಡ್ರಿ ಮತ್ತ."

ಮೊದಲ ದಿನ ಅವನು ಕೇಳಿದ್ದ ಪ್ರಶ್ನೆಯಿಂದಲೇ ಶುರು ಮಾಡಿದಳು.

"ನಿಮ್ಮಕ್ಕನ ಕಾಯಿಲೆ ಪೂರ್ತಿ ಹೋಗುವುದಿಲ್ಲ. ಆದರೆ ಮೊದಲ ದಿನ ಎಂಟು ಸೆಕೆಂಡಿಗೆ ನಡೆದಿದ್ದರು, ಕೊನೆಯ ದಿನವೂ ಎಂಟೇ. ಕಾಲು ಸೋತಿಲ್ಲ."

ಅವನು ಕಣ್ಣೊರೆಸಿಕೊಂಡ.

"ಇನ್ನೊಂದು... ನೀವು ವಚನ ಹೇಳುವಾಗ ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ನೀವು ಬರುವುದು ಬಿಟ್ಟ ಮೇಲೆ ಆ ಕೋಣೆಯೇ ಬೇಡ ಅನಿಸುತ್ತಿತ್ತು. ನಾಳೆ ಬೆಳಗಾವಿಗೆ ಹೋಗಬೇಡಿ ಮಾರಾಯ್ರೆ."

ಅಮಿತ ಫೋನ್ ತೆಗೆದು ಅಕ್ಕನಿಗೆ ಮಾಡಿದ. ನಾಳಿನ ಪ್ರಯಾಣ ಬೇಡ, ಹರಿಣಿ ಡಾಕ್ಟರು ಎದುರಿಗೆ ನಿಂತಿದ್ದಾರೆ ಎಂದ.

ಆ ಕಡೆಯ ನಗು ಹರಿಣಿಗೂ ಕೇಳಿಸಿತು.

"ಏನೋ, ಮುತ್ತು ಉದುರಿದ್ವೇನು?"

"ಉದುರಿದ್ವು ಅಕ್ಕಾ," ಎಂದ ಅಮಿತ, ಹರಿಣಿಯನ್ನೇ ನೋಡುತ್ತ. "ಆರಿಸಿಕೊಳ್ಳಾಕತ್ತೀನಿ."