ಆರೆಂಟ್ ಡಾಕ್ಟರ ಉಂಗುರ

ನಾವು ಮರಳುದಂಡೆಯ ಊರಿನವರು ವಲಸೆ ಕಾಗೆಗಳನ್ನು ಬಲೆಯಲ್ಲಿ ಹಿಡಿದು, ತಲೆ ಕಚ್ಚಿ ಕೊಂದು ತಿನ್ನುತ್ತೇವೆ. ಪಕ್ಷಿ ಕೇಂದ್ರದ ಆರೆಂಟ್ ಡಾಕ್ಟರು ಅದೇ ಕಾಗೆಗಳ ಕಾಲಿಗೆ ಉಂಗುರ ತೊಡಿಸಿ ಬಿಡುತ್ತಿದ್ದರು. ಹಕ್ಕಿ ಸತ್ತಲ್ಲಿಂದ ಯಾರಾದರೂ ಉಂಗುರ ಕಳಿಸಿದರೆ ಅದು ಹೋದ ದಾರಿ ತಿಳಿಯುತ್ತಿತ್ತು. ನನ್ನ ಗಂಡ ಮಿಕ್ಕೆಲ್ ಮಾತ್ರ ಸಿಕ್ಕ ಉಂಗುರಗಳನ್ನೆಲ್ಲ ಹಿನ್ನೀರಿಗೆ ಎಸೆಯುತ್ತಿದ್ದ.

"ನಿನ್ನ ಕಾಲಿಗೇ ಒಂದು ಹಾಕ್ತೀನಿ ಕಣೋ," ಎಂದಿದ್ದರು ಡಾಕ್ಟರು.

"ಮೊದ್ಲು ನನ್ನ ಹಿಡೀರಿ ಡಾಕ್ಟ್ರೇ."

ಆ ಚಳಿಗಾಲ ಹಿನ್ನೀರು ದಾಟಲು ಬಂದ ಅವರಿಗೆ, ಮಂಜುಗಡ್ಡೆ ತೆಳುವೆಂದು ಗೊತ್ತಿದ್ದೂ ಗಟ್ಟಿಯಿದೆಯೆಂದು ಸುಳ್ಳು ಹೇಳಿದವನು ಮಿಕ್ಕೆಲನೇ. ಗಡ್ಡೆ ಒಡೆದು ಮುಳುಗಿದ ಅವರ ಹೆಣ ಸಿಗಲಿಲ್ಲ.

ವಸಂತದಲ್ಲಿ ಅವನ ಬಲೆಗೆ ಬಿದ್ದ ಪ್ರತಿ ಕಾಗೆಯ ಕಾಲಲ್ಲೂ ಒದ್ದೆ ಉಂಗುರವಿತ್ತು. ಕಚ್ಚಿದರೂ ಅವು ಸಾಯದೆ ಅವನನ್ನೇ ನೋಡುತ್ತಿದ್ದವು. ಒಂದು ಬೆಳಿಗ್ಗೆ ಅವನ ಕಣಕಾಲಿಗೇ ಉಂಗುರ ಬಿದ್ದಿತ್ತು. ಮಂಜಿನಂತೆ ತಣ್ಣಗಿತ್ತು, ಎಲ್ಲೂ ಬೆಸುಗೆಯಿರಲಿಲ್ಲ. ನಾನು ಅರದಿಂದ ಉಜ್ಜಿದೆ. ಗೀರು ಬಿದ್ದವೇ ಹೊರತು ತುಂಡಾಗಲಿಲ್ಲ.

"ತೆಗಿಯೇ, ನೀರಿನ ಕಡೆ ಎಳೀತಿದೆ," ಎನ್ನುತ್ತಲೇ ಇದ್ದವನು ಅಂದೇ ಊರು ಬಿಟ್ಟು ಓಡಿದ.

ಬೇಸಿಗೆಯಲ್ಲಿ ಫ್ರಾನ್ಸಿನಿಂದ ಕೇಂದ್ರಕ್ಕೆ ಒಂದು ಉಂಗುರ ಬಂತು. ಹೊಸ ಡಾಕ್ಟರು ಅದನ್ನು ನನಗೆ ತೋರಿಸಿ, "ಇಷ್ಟು ದೊಡ್ಡದನ್ನ ನಾವು ಮಾಡ್ಸೇ ಇಲ್ಲ. ಯಾವ ಹಕ್ಕೀದಮ್ಮ ಇದು?" ಎಂದರು.

ಅಂಚೆಯಲ್ಲಿ ಅಷ್ಟು ದೂರ ಬಂದಿದ್ದರೂ ಅದು ಒದ್ದೆಯಾಗಿತ್ತು. ನನ್ನ ಅರದ ಗೀರುಗಳು ಅದರ ಮೇಲೆ ಹಾಗೆಯೇ ಇದ್ದವು.