ಪೊಟ್ಟಣ ಕಟ್ಟದೆ ಉಳಿಸಿಕೊಂಡ ತಿಮಿಂಗಿಲ

ಹುಲುಗಮ್ಮ ರದ್ದಿ ಕಾಗದ ಹರಿದು ಮಂಡಕ್ಕಿಗೆ ಪೊಟ್ಟಣ ಮಾಡುತ್ತಿದ್ದಳು. ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರು ಚಿಕ್ಕಮ್ಮ ಓಬಮ್ಮನ ಮಿರ್ಚಿ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಹತ್ತು ವರ್ಷದಿಂದ ಅವಳಿಗೆ ಇದೇ ಕೆಲಸ.

"ರದ್ದ್ಯಾಗ ಒಂದು ದಪ್ಪನೆ ರಿಜಿಸ್ಟರ್ ಬಂದಿತ್ತೇನ್ರಿ?"

ಬೆಚ್ಚಿ ತಲೆಯೆತ್ತಿದಳು. ಎದುರಿಗೆ ನಿಂತ ಯುವಕನೊಬ್ಬ ಓಡಿ ಬಂದವನಂತೆ ಏದುಸಿರು ಬಿಡುತ್ತಿದ್ದ.

"ತುಂಬಾ ಚಿತ್ರ ಅಂಟಿಸಿದ್ದು. ನಮ್ಮಪ್ಪ ಟಾಕೀಸಿನ್ಯಾಗ ಸಿನಿಮಾ ಬಿಡ್ತಿದ್ದ. ಮೂವತ್ತು ವರ್ಷ ಕೂಡಿಟ್ಟಾನ. ಅತ್ತಿಗಿ ಗೊತ್ತಿಲ್ದ ರದ್ದಿಗೆ ಹಾಕ್ಯಾಳ. ಅಪ್ಪ ಹಾಸಿಗಿ ಹಿಡಿದಾನ… ತಿಮಿಂಗಿಲ ತೋರ್ಸು ಅಂತ ಕೇಳ್ತಾನ."

ಆ ರಿಜಿಸ್ಟರ್ ಹುಲುಗಮ್ಮನ ಟ್ರಂಕಿನಲ್ಲಿತ್ತು! ಹಿಮದ ಬೆಟ್ಟ, ಕಪ್ಪು ಬಿಳುಪಿನ ನಾಯಕಿಯರು, ನೀರಿನಿಂದ ಆಕಾಶಕ್ಕೆ ನೆಗೆದ ತಿಮಿಂಗಿಲ… ಸಮುದ್ರವನ್ನೇ ಕಾಣದ ಅವಳು ದಿನಾ ಆ ಹಾಳೆ ಮುಟ್ಟಿ ಮಲಗುತ್ತಿದ್ದಳು.

"ಪೊಟ್ಟಣ ಕಟ್ಟಿಬಿಟ್ಟೀವ್ರಿ," ಎಂದಳು.

ಅವನ ಹೆಸರು ಪಾಲಾಕ್ಷ. ಹರಪನಹಳ್ಳಿಯ ಮೆಕ್ಕೆಜೋಳದ ಮಂಡಿಗೆ ದಿನಾ ಹೋಗಿಬರುವವನು. ಮರುದಿನವೂ ಬಂದ. ಮಂಡಕ್ಕಿ ತಿಂದು, ಎಣ್ಣೆ ಹತ್ತಿದ ಕಾಗದ ಬಿಡಿಸಿ, ತಿಮಿಂಗಿಲ ಸಿಕ್ಕೀತೇ ಎಂದು ಎರಡೂ ಕಡೆ ನೋಡಿದ. ಹಾಗೇ ಇಪ್ಪತ್ತು ದಿನ.

"ಅಂವ ಕಾಗದ ನೋಡಾಕ ಬರ್ತಾನೋ, ನಿನ್ನ ನೋಡಾಕೋ?" ಓಬಮ್ಮ ಕಿಚಾಯಿಸಿದಳು. "ಒಣ ಮೆಣಸಿನಕಾಯಿಗತೆ ಕೆಂಪಾಗೈತಿ ನೋಡಲೇ ನಿನ್ನ ಮಾರಿ."

ಕಾಗದ ನೋಡುವುದಕ್ಕೇ ಬರುವುದು, ಹುಲುಗಮ್ಮನಿಗೆ ಗೊತ್ತಿತ್ತು. ರಿಜಿಸ್ಟರ್ ಕೊಟ್ಟರೆ ನಾಳೆಯಿಂದ ಅವನೇಕೆ ಬರುತ್ತಾನೆ? ಇವತ್ತು ಬೇಡ, ನಾಳೆ ಕೊಡುತ್ತೇನೆ ಅಂದುಕೊಳ್ಳುತ್ತಲೇ ಇದ್ದಳು.

ಆಮೇಲೆ ಹನ್ನೆರಡು ದಿನ ಅವನು ಬರಲಿಲ್ಲ. ಬಂದಾಗ ತಲೆ ಬೋಳಿಸಿದ್ದ.

ತಿಂದು ಮುಗಿಸಿ, ಕಾಗದ ಬಿಡಿಸದೆ ಮುದ್ದೆ ಮಾಡಿ ಎಸೆದ.

"ನೋಡ್ಲೇ ಇಲ್ಲಲ್ರಿ…"

"ಇನ್ ಯಾರಿಗೆ ತೋರಿಸ್ಲಿ." ಕೈ ಒರೆಸಿಕೊಂಡ. "ಅಪ್ಪ ಹೋದ ಮ್ಯಾಲೂ ಬಂದೀನಿ. ಕಾಗದಕ್ಕಲ್ರಿ. ನಿಮ್ಮ ಎದುರು ಕುಂತ್ರ ಜೀವಕ್ಕ ಹಗುರ ಆಗತೈತಿ."

ಅವಳು ಕಾಯುತ್ತಿದ್ದ ಮಾತು. ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಅವನು ನಾಳೆಯೂ ಬರುತ್ತಾನೆ…

ಹುಲುಗಮ್ಮ ಒಳಗೆ ಹೋಗಿ ಟ್ರಂಕು ತೆಗೆದಳು. ರಿಜಿಸ್ಟರ್ ತಂದು ಅವನ ಮುಂದಿಟ್ಟಳು.

"ನಾ ಮೊದ್ಲು ಕೇಳಿದಾಗ್ಲೂ ಇತ್ತೇನ್ರಿ ಇದು?"

"ಇತ್ರಿ. ಮೊದ್ಲಿಗೆ ಚಿತ್ರ ಬಿಡಾಕ ಮನಸಾಗ್ಲಿಲ್ಲ. ಆಮ್ಯಾಲ… ಕೊಟ್ರ ನೀವು ಬರಂಗಿಲ್ಲ ಅಂತ."

ಪಾಲಾಕ್ಷ ತಿಮಿಂಗಿಲದ ಹಾಳೆ ತೆಗೆದ. ಅಂಟು ಬಿಟ್ಟಿದ್ದ ಮೂಲೆಯನ್ನು ಅವಳು ಅನ್ನದ ಅಗುಳಿನಿಂದ ಅಂಟಿಸಿದ್ದಳು. ಆ ಜಾಗವನ್ನು ಬೆರಳಿನಿಂದ ಸವರಿದ. ಅವನ ಕಣ್ಣು ತುಂಬಿತು. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಸ್ಸಿನ ಕಡೆ ನಡೆದ.

ಅವಳು ಅಂಗಡಿ ಇಳಿದು, ಅವನು ಕೂತ ಬಸ್ಸಿನ ಕಿಟಕಿಯ ಕೆಳಗೆ ನಿಂತಳು.

"ನಾಳೆ ಬರ್ರಿ… ಕಾಗದ ಬ್ಯಾಡ, ಮಂಡಕ್ಕಿ ತಟ್ಟ್ಯಾಗ ಹಾಕಿ ಕೊಡ್ತೀನಿ."