ಮಾರೆನ್ ಕೆಡವಿದ ಕಲ್ಲುಗುಪ್ಪೆಗಳು

ಮೊದಲ ಕಲ್ಲುಗುಪ್ಪೆಯನ್ನು ಮಾರೆನ್ ಬೂಟಿನ ತುದಿಯಿಂದ ಒದ್ದು ಬೀಳಿಸಿದಾಗ ನಾನು ಆಕಾಶ ನೋಡಿದೆ. ಎರಡನೆಯದಕ್ಕೆ ಕೆಮ್ಮಿದೆ. ಮೂರನೆಯದರ ಹೊತ್ತಿಗೆ ನನ್ನ ಮುಖ ಸುತ್ತಲಿನ ಬಂಡೆಗಳಿಗಿಂತ ಕೆಂಪಗಾಗಿತ್ತು. ಬಿಸಿಲಿಗೆ ಹಾಗಾಯಿತೆಂದು ಅವಳು ತನ್ನ ಟೋಪಿ ತೆಗೆದು ನನ್ನ ತಲೆಗಿಟ್ಟಳು.

"ಯಾವನೋ ತಲೆಕೆಟ್ಟೋನು, ದಾರಿ ಇಲ್ಲದ ಕಡೆ ಗುರುತು ಇಟ್ಟಿದಾನೆ. ಇದನ್ನ ನಂಬ್ಕೊಂಡು ಬಂದೋರು ಎಲ್ಲಾದ್ರೂ ಸಿಕ್ಕಿಹಾಕ್ಕೋತಾರೆ. ಆಮೇಲೆ ಹುಡುಕೋಕೆ ನಾನು ಹೋಗ್ಬೇಕು."

ಆ ತಲೆಕೆಟ್ಟವನು ನಾನೇ.

ನನ್ನ ಹೆಸರು ಹೈರಮ್. ಈ ಕೆಂಪು ಬಂಡೆಗಳ ಮರುಭೂಮಿಯಂಚಿನ ಮೋಆಬ್ ಊರಿನಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ. ಮಾರೆನ್ ಇಲ್ಲಿನ ರಾಷ್ಟ್ರೀಯ ಉದ್ಯಾನ ಕಾಯುವ ರೇಂಜರ್. ಬರೀ ಬಂಡೆಯ ಮೇಲೆ ಕಾಲುದಾರಿ ಮೂಡುವುದಿಲ್ಲವಾದ್ದರಿಂದ ಈ ಸೀಮೆಯಲ್ಲಿ ಕಲ್ಲುಗುಪ್ಪೆಯೇ ದಾರಿಯ ಗುರುತು. ಅದನ್ನು ಕಟ್ಟುವುದು ರೇಂಜರ್‌ಗಳ ಕೆಲಸ. ಬೇರೆಯವರು ಕಟ್ಟಿದ್ದು ಕಣ್ಣಿಗೆ ಬಿದ್ದರೆ ಕೆಡವುವುದೂ ಅವರದೇ. ಇದೆಲ್ಲ ಗೊತ್ತಿದ್ದೂ ಹೋದ ವಾರ ಒಬ್ಬನೇ ಬಂದು ಸಾಲಾಗಿ ಕಟ್ಟಿಹೋಗಿದ್ದೆ. ಮೇಲೊಂದು ಕಡೆ ಚಾಚಿಕೊಂಡ ಬಂಡೆಯಿದೆ. ಅಲ್ಲಿ ಕೂತರೆ ಸಂಜೆಯ ಬೆಳಕಿಗೆ ಎದುರಿನ ಬಂಡೆಗೋಡೆಗಳೆಲ್ಲ ಹೊತ್ತಿಕೊಳ್ಳುತ್ತವೆ. ದಾರಿ ತಪ್ಪದೆ ಮಾರೆನ್‌ಳನ್ನು ಅಲ್ಲಿಗೆ ಕರೆದೊಯ್ದು, ಕೂರಿಸಿ, ಒಂದು ಮಾತು ಕೇಳಬೇಕಿತ್ತು.

ದೂರದ ಹಿಮನಾಡು ಅಲಾಸ್ಕಾದಿಂದ ಅವಳಿಗೆ ರೇಂಜರ್ ಕೆಲಸದ ಕರೆ ಬಂದಿತ್ತು. ಸೋಮವಾರದೊಳಗೆ ಉತ್ತರ ಕೊಡಬೇಕು. ಹೋಗಬೇಡ, ನನ್ನನ್ನು ಮದುವೆಯಾಗು ಅನ್ನುವುದಕ್ಕೆ ನನಗಿದ್ದದ್ದು ಇದೊಂದೇ ಸಂಜೆ. ಅವಳು ಹೂಂ ಅನ್ನುತ್ತಾಳೆಂಬ ಧೈರ್ಯವೂ ನನಗಿತ್ತು. ಉಂಗುರ ಬ್ಯಾಗಿನಲ್ಲಿ, ಕಾಲುಚೀಲದೊಳಗಿತ್ತು.

ಮಧ್ಯಾಹ್ನ ಜೂನಿಪರ್ ಮರದ ನೆರಳಿನಲ್ಲಿ ರೊಟ್ಟಿಗೆ ಬೀನ್ಸ್ ಕಾಳಿನ ಪಲ್ಯ ಸುತ್ತಿಕೊಂಡು ತಿಂದೆವು. ನನ್ನ ಗಡ್ಡಕ್ಕೆ ಮೆತ್ತಿದ್ದನ್ನು ಅವಳು ಬೆರಳಿನಿಂದ ಒರೆಸಿದಳು. ಒರೆಸಿದ ಮೇಲೂ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆ ಸುಖದಲ್ಲೇ ನನಗೆ ಜೊಂಪು ಹತ್ತಿತು.

ಎಚ್ಚರವಾದಾಗ ಅವಳು ಕೈಯ ಧೂಳು ಕೊಡವುತ್ತ ನಿಂತಿದ್ದಳು. ಮುಂದಿದ್ದ ಗುಪ್ಪೆಗಳನ್ನೆಲ್ಲ ಹುಡುಕಿ ಹುಡುಕಿ ಕೆಡವಿ ಬಂದೆ, ಈಗ ನಡಿ, ನೀನು ಹೇಳಿದ್ದ ಆ ಚೆಂದದ ಜಾಗ ಎಲ್ಲಿದೆಯೋ ತೋರಿಸು ಎಂದಳು.

ಗುಪ್ಪೆಗಳಿಲ್ಲದೆ ಅದು ಎಲ್ಲಿದೆಯೋ ನನಗೇ ಗೊತ್ತಾಗುವಂತಿರಲಿಲ್ಲ. ಆದರೂ ಸೋಲೊಪ್ಪದೆ ಮುಂದೆ ನಡೆದೆ. ಬಂಡೆ ಹತ್ತಿಸಿದೆ, ಇಳಿಸಿದೆ, ತುಳಿದರೆ ಸಾಯುವ ಜೀವಾಣುಗಳಿರುವ, ಕಾಲಿಡಬಾರದ ಕಪ್ಪು ಮಣ್ಣನ್ನು ಸುತ್ತಿ ಬಳಸಿ ನಡೆಸಿದೆ. ಕೊನೆಗೆ ಮೂರೂ ಕಡೆ ಗೋಡೆಯಿದ್ದ ಒಂದು ಮೂಲೆಗೆ ತಂದು ನಿಲ್ಲಿಸಿದೆ. ಅಲ್ಲಿಂದ ಸೂರ್ಯನೂ ಕಾಣುತ್ತಿರಲಿಲ್ಲ.

ಮಾರೆನ್ ಬ್ಯಾಗು ಇಳಿಸಿ ಕೂತಳು. ಹುಬ್ಬೇರಿಸಿ ನನ್ನನ್ನೇ ನೋಡಿದಳು. ಆ ನೋಟದ ಮುಂದೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

"ಹೈರಮ್, ಆ ಗುಪ್ಪೆಗಳು ಯಾರದು?"

"ನಂದೇ. ವಾಪಸ್ ಹೋಗ್ತಾ ನಾನೇ ಕೆಡವೋನಿದ್ದೆ."

ಅವಳು ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ರೇಂಜರನ್ನು ಪ್ರೀತಿಸುವವನು ಇಷ್ಟು ಪೆದ್ದನಾಗಿರಬಾರದು ಎಂದಳು. ಕತ್ತಲಾಗುವ ಮೊದಲು ಅಲ್ಲೇ ಬೋಳು ಬಂಡೆಯ ಮೇಲೆ ಟೆಂಟು ಹಾಕಿದೆವು. ಅವಳು ಸ್ಟವ್ ಹಚ್ಚಿ ಕಾಫಿಗೆ ನೀರಿಟ್ಟಳು. ಇನ್ನು ಒಳ್ಳೆಯ ಜಾಗಕ್ಕೆ ಕಾಯುವುದರಲ್ಲಿ ಅರ್ಥವಿರಲಿಲ್ಲ. ಕಾಲುಚೀಲ ಕೊಡವಿ ಉಂಗುರ ತೆಗೆದೆ.

"ಅಲಾಸ್ಕಾಗೆ ಹೋಗ್ಬೇಡ ಮಾರೆನ್. ನನ್ನ ಮದುವೆ ಆಗು."

ಅವಳು ಕಾಫಿ ಕಲಕುವುದನ್ನು ನಿಲ್ಲಿಸಲಿಲ್ಲ.

"ಮದುವೆಗೆ ಹೂಂ," ಎಂದಳು. "ಹೋಗ್ಬೇಡ ಅನ್ನೋದಕ್ಕೆ ಊಹೂಂ."

ನಾನು ಉಂಗುರವನ್ನು ಅಂಗಿಗೆ ಉಜ್ಜತೊಡಗಿದೆ. ಅವಳೇ ನಿಧಾನವಾಗಿ ಹೇಳಿದಳು. ಎಷ್ಟೋ ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕ ಕೆಲಸ ಅದು, ಬಿಡಲಾರಳು. ನನ್ನನ್ನೂ ಬಾ ಎಂದು ಕರೆಯಲು ವಾರವಿಡೀ ಬಾಯಿ ತೆರೆದು ಮುಚ್ಚಿದ್ದಳಂತೆ. ಊರು ಬಿಟ್ಟು ಒಂದು ಚಳಿಗಾಲವನ್ನೂ ಕಳೆಯದವನನ್ನು ಹೇಗೆ ಕರೆಯುವುದು ಎಂದು ಹಿಂಜರಿದಿದ್ದಳು. ಉಳಿದುಕೋ ಎಂದು ಕೇಳುವುದೊಂದೇ ನನಗೆ ಹೊಳೆದಿತ್ತು. ಜೊತೆಗೆ ಹೊರಡುವುದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು.

"ಆ ಹಿಮದಲ್ಲಿ ಸೈಕಲ್ ಯಾರು ಹೊಡೀತಾರೆ?" ಎಂದೆ.

"ದಪ್ಪ ಟೈರು ಹಾಕ್ಕೊಂಡು ಎಲ್ಲರೂ ಹೊಡೀತಾರೆ. ನಾನು ಹೋಗೋ ಊರಲ್ಲಿ ರಿಪೇರಿ ಮಾಡೋರೇ ಇಲ್ಲವಂತೆ. ಫೋನ್ ಮಾಡಿ ವಿಚಾರಿಸಿದೀನಿ."

ಧ್ವನಿ ಗಟ್ಟಿಯಾಗಿಯೇ ಇತ್ತು. ಲೋಟದ ಕಾಫಿಯನ್ನು ಮಾತ್ರ ಕುಡಿಯದೆ ಕಲಕುತ್ತಲೇ ಇದ್ದಳು. ನನಗೋಸ್ಕರ ಯಾರನ್ನೋ ಫೋನಿನಲ್ಲಿ ಸೈಕಲ್ಲಿನ ವಿಷಯ ಕೇಳಿದ ಈ ಹೆಂಗಸನ್ನು ಬಿಟ್ಟು ನಾನು ಮೋಆಬ್‌ನಲ್ಲಿ ಯಾರಿಗಾಗಿ ಇರಬೇಕು? ಲೋಟ ಇಸಿದುಕೊಂಡು ಅವಳ ಬೆರಳಿಗೆ ಉಂಗುರ ಹಾಕಿದೆ.

"ಅಲ್ಲಿ ರೇಂಜರ್‌ಗಳಿಗೆ ಇರೋಕೆ ಏನು ಕೊಡ್ತಾರೆ?"

"ಒಂದು ರೂಮು."

"ಸೋಮವಾರ ಬರೀವಾಗ ರೂಮ್ ಬೇಡ, ಮನೆ ಬೇಕು ಅಂತ ಬರಿ."